ಕಲ್ಲಿದ್ದಲು ಗಣಿಗೆ ಹೋದ ಹಿರಿಯರನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮುತ್ತಜ್ಜ ಊರು ಬಿಟ್ಟು ತೆಲಂಗಾಣದ ಸಿಂಗರೇಣಿ ಗಣಿ ಸೇರಿದವರು, ಅಲ್ಲೇ ತೀರಿಕೊಂಡರು. ಅಜ್ಜಿ ಹೇಳುತ್ತಿದ್ದ ‘ಕೊತ್ತಗೂಡೆಂ’ ಎಂಬ ಹೆಸರು, ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ, ಇಷ್ಟೇ ಉಳಿದಿದೆ. ಎಲ್ಲಿಂದ ಶುರು ಮಾಡಲಿ? (ಮುಂಡರಗಿಯ ಓದುಗರು)

ಉತ್ತರ: ಊರಿನಿಂದಲೇ ಶುರು ಮಾಡಿ. ಮುತ್ತಜ್ಜನ ಹೆಸರು, ಅವರ ತಂದೆಯ ಹೆಸರು, ಊರಿನ ಹೆಸರು ಮೂರೂ ಇರುವ ಒಂದು ಕಾಗದ ಕೈಯಲ್ಲಿಲ್ಲದಿದ್ದರೆ, ಗಣಿಯ ರಿಜಿಸ್ಟರಿನ ಹತ್ತಾರು ಬಸಪ್ಪಂದಿರಲ್ಲಿ ನಿಮ್ಮವರು ಯಾರೆಂದು ತಿಳಿಯದು. ಹೊಲವಿದ್ದ ಮನೆತನವಾದರೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೆಯ ಉತಾರ (ಪಹಣಿ) ಮತ್ತು ವಾರಸಾ ನೋಂದಣಿಯ ನಕಲು ಕೇಳಿ. ಕಂಪ್ಯೂಟರ್ ಪಹಣಿ ಈಗಿನ ಖಾತೆದಾರರನ್ನು ಮಾತ್ರ ತೋರಿಸುತ್ತದೆ. ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂಬುದು ಸಿಗುವುದು ವಾರಸಾ ನೋಂದಣಿಯಲ್ಲಿ. ಹೊಲವಿಲ್ಲದವರಿಗೆ ಮಕ್ಕಳು ಓದಿದ ಶಾಲೆಯ ದಾಖಲಾತಿ ರಿಜಿಸ್ಟರೇ ಆಧಾರ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಿಂದಿನ ಜಿಲ್ಲಾ ಕಡತಗಳಿಗಾಗಿ ಧಾರವಾಡದಲ್ಲೂ ವಿಚಾರಿಸಿ.

ನಿಮ್ಮಲ್ಲಿರುವ ಬಿಲ್ಲೆ ಬಹುಶಃ ಗಣಿ ಕಾರ್ಮಿಕರ ಟೋಕನ್. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸವೆದ ಅಂಕಿ ಪೂರ್ತಿ ಅಳಿಸಿಹೋದೀತು. ಮೇಲೊಂದು ತೆಳು ಹಾಳೆ ಇಟ್ಟು ಪೆನ್ಸಿಲ್ ಸೀಸವನ್ನು ಅಡ್ಡಲಾಗಿ ಉಜ್ಜಿದರೆ ಅಚ್ಚು ಮೂಡುತ್ತದೆ. ಹಿಂಬದಿಯನ್ನೂ ನೋಡಿ. ಒಬ್ಬರು ಕೆಲಸ ಬಿಟ್ಟರೆ ಅದೇ ಟೋಕನ್ ನಂಬರು ಇನ್ನೊಬ್ಬರಿಗೆ ಹೋಗಬಹುದು, ಬೇರೆ ಗಣಿಯಲ್ಲೂ ಅದೇ ನಂಬರು ಇರಬಹುದು. ಆದ್ದರಿಂದ ಗಣಿಯ ಹೆಸರು ಸಿಗದೆ ಬರೀ ನಂಬರು ನಂಬಿ ಮುಂದುವರಿಯಬೇಡಿ. ಯಾವ ಇಂಕ್ಲೈನ್ (ಇಳಿಜಾರು ದಾರಿಯ ಗಣಿ) ಎಂದು ಮನೆಯ ಹಿರಿಯರಿಗೆ ನೆನಪಿದೆಯೇ, ಕೇಳಿ. ಸಿಂಗರೇಣಿಯಲ್ಲಿ ಗಣಿಗಾರಿಕೆ ಆರಂಭವಾದದ್ದು 1889ರಲ್ಲಿ, ಯೆಲ್ಲಂದುವಿನಲ್ಲಿ, ಕೊತ್ತಗೂಡೆಂ ಆಮೇಲಿನದು.

ಅವರು 1950ರ ದಶಕದ ನಂತರವೂ ಕೆಲಸದಲ್ಲಿದ್ದರೆ ‘ಬಿ’ ನಮೂನೆ ರಿಜಿಸ್ಟರ್ ನಿಮಗೆ ಬಹಳ ಮುಖ್ಯ. 1952ರ ಗಣಿ ಕಾಯ್ದೆಯಂತೆ ಪ್ರತಿ ಗಣಿಯೂ ಕೆಲಸಗಾರರ ಈ ರಿಜಿಸ್ಟರನ್ನು ಇಡಬೇಕಿತ್ತು: ಹೆಸರು, ತಂದೆಯ ಹೆಸರು, ವಯಸ್ಸು, ಕೆಲಸದ ಬಗೆ, ಸ್ವಂತ ಊರಿನ ವಿಳಾಸ, ಸೇರಿದ ದಿನ, ಸಹಿ ಇಲ್ಲವೇ ಹೆಬ್ಬೆಟ್ಟು. ಊರಿನ ಕಾಗದವೂ ಗಣಿಯ ಕಾಗದವೂ ಕೂಡುವುದು ಆ ವಿಳಾಸದಲ್ಲೇ. ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ, ಅದು ಬಹುಪಾಲು ಅಂದಾಜು. ತೆಲುಗಿನಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ಅಡ್ಡಹೆಸರು ಬರೀ ಇನಿಷಿಯಲ್ ಆಗಿರಬಹುದು, ಬಸಪ್ಪ ಬಸವಯ್ಯ ಆಗಿರಬಹುದು. ಎರಡೂ ರೂಪ ಬರೆದು ಕೇಳಿ. ಭವಿಷ್ಯನಿಧಿಯ (ಪಿ.ಎಫ್.) ನಾಮನಿರ್ದೇಶನ ಪತ್ರವನ್ನೂ ಕೇಳಿ, ಹೆಂಡತಿ ಮಕ್ಕಳ ಹೆಸರು ಸಿಗುವುದು ಅಲ್ಲಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ಸಿಂಗರೇಣಿ ಕಾಲರೀಸ್‌ನ ಮಾಹಿತಿ ಅಧಿಕಾರಿಗೆ ಬರೆದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ. ‘ನಮ್ಮ ಮುತ್ತಜ್ಜನ ಮಾಹಿತಿ ಕೊಡಿ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುವುದೇ ಹೆಚ್ಚು. ಗಣಿ, ಅಂದಾಜು ವರ್ಷ, ರಿಜಿಸ್ಟರಿನ ಹೆಸರು ಹಾಕಿ ಪುಟದ ನಕಲನ್ನೇ ಕೇಳಿ. ವಂಶಾವಳಿ, ಮರಣಪತ್ರ ಲಗತ್ತಿಸಿ. ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಿದರೆ, 20 ವರ್ಷಕ್ಕಿಂತ ಹಳೆಯ ಸಂಗತಿಯೆಂದು 8(3)ನೇ ಕಲಮು ಉಲ್ಲೇಖಿಸಿ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಪ್ರಶ್ನೆ: ಮನೆಯಲ್ಲಿರುವ ಉರ್ದು ಕಾಗದದಲ್ಲಿ 1340 ಎಂಬ ಇಸವಿ ಇದೆ. ಇದು ಹಿಜರಿಯೇ? (ಹಾವೇರಿಯ ಓದುಗರು)

ಉತ್ತರ: ನಿಜಾಮ ಸರಕಾರದ ಕಾಗದವಾದರೆ ಬಹುಶಃ ಫಸಲಿ, ಅಂದರೆ ಆ ಸರಕಾರ ಬಳಸುತ್ತಿದ್ದ ಕಂದಾಯದ ಇಸವಿ. ಫಸಲಿಗೆ 590 ಕೂಡಿಸಬೇಕು. 1340 ಅಂದರೆ 1930ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷ. ಹಿಜರಿ ಎಂದು ತಿಳಿದರೆ 1921-22 ಬಂದು, ಒಂಬತ್ತು ವರ್ಷ ತಪ್ಪುತ್ತದೆ. ತಿಂಗಳ ಹೆಸರು ನೋಡಿ: ಆಜುರ್, ದೈ, ಬಹಮನ್ ಇದ್ದರೆ ಫಸಲಿ, ಮೊಹರಂ, ರಂಜಾನ್ ಇದ್ದರೆ ಹಿಜರಿ.

ಪ್ರಶ್ನೆ: ಮನೆಮನೆಗೆ ಬರುವ ಹೆಳವರು ಹೇಳುವ ವಂಶಾವಳಿಯನ್ನು ಎಷ್ಟು ನಂಬಬಹುದು? (ಧಾರವಾಡದ ಓದುಗರು)

ಉತ್ತರ: ಯಾರ ಮಗ ಯಾರು, ಯಾವ ಕವಲು ಯಾವ ಊರಿಗೆ ಹೋಯಿತು ಎಂಬುದಕ್ಕೆ ಅವರಷ್ಟು ಒಳ್ಳೆಯ ಆಧಾರ ಸಿಗುವುದು ಕಷ್ಟ. ಇಸವಿಗೆ ಮಾತ್ರ ಬೇರೆ ದಾಖಲೆ ಬೇಕು. ಅಣ್ಣತಮ್ಮಕಿಯ ಮನೆಗಳಲ್ಲಿ ವಿಚಾರಿಸಿದರೆ ನಿಮ್ಮ ಮನೆತನದ ಹೆಳವರು ಯಾರು, ಯಾವಾಗ ಬರುತ್ತಾರೆ ಎಂದು ಗೊತ್ತಾಗುತ್ತದೆ. ಅವರು ಓದುವಾಗ ಒಪ್ಪಿಗೆ ಪಡೆದು ಪೂರ್ತಿ ರೆಕಾರ್ಡ್ ಮಾಡಿ, ಕಾಳು ಬಟ್ಟೆ ಕೊಟ್ಟು ಗೌರವದಿಂದ ಕಳಿಸಿ. ಹೆಣ್ಣುಮಕ್ಕಳ ಹೆಸರು ಅಲ್ಲಿ ಬಿಟ್ಟುಹೋಗಿರುವುದು ಹೆಚ್ಚು. ಅದಕ್ಕೆ ಹಳೆಯ ಲಗ್ನಪತ್ರಿಕೆಗಳನ್ನೂ ಬೀಗರ ಮನೆಯವರನ್ನೂ ಕೇಳಿ.