ಮನೋವೈದ್ಯರ ವರದಿ ಏನನ್ನು ಹೇಳುತ್ತದೆ?

ಪ್ರಶ್ನೆ: ನಮ್ಮೂರಿನಲ್ಲಿ ಪೋಕ್ಸೊ ಕಾಯ್ದೆಯಡಿ ಬಂಧಿತನಾದವನನ್ನು ಮಾನಸಿಕ ತಪಾಸಣೆಗೆ ಕಳಿಸಿದ್ದಾರೆ. ಅವನು ತಪ್ಪೆಸಗಿದ್ದಾನೆಯೇ ಎಂಬುದು ಇದರಿಂದ ತಿಳಿಯುತ್ತದೆಯೇ? ತಲೆ ಸರಿಯಿಲ್ಲವೆಂದು ವರದಿ ಪಡೆದು ಪಾರಾದರೆ ಏನು ಗತಿ?
– ಒಬ್ಬ ಶಿಕ್ಷಕಿ

ಉತ್ತರ: ಆರೋಪಿಯು ಕೃತ್ಯ ಎಸಗಿದ್ದಾನೆಯೇ ಎಂಬುದನ್ನು ಮನೋವೈದ್ಯರು ಹೇಳಲಾರರು, ಹೇಳಲೂ ಕೂಡದು, ಸಾಕ್ಷ್ಯಗಳನ್ನು ತೂಗಿ ಅದನ್ನು ನಿರ್ಧರಿಸುವುದು ನ್ಯಾಯಾಲಯದ ಕೆಲಸ. ಲೈಂಗಿಕ ಅಪರಾಧಿಯನ್ನು ಗುರುತಿಸಿಕೊಡುವ ಮನೋಪರೀಕ್ಷೆಯೇ ಇಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರಲ್ಲಿ ಅನೇಕರಿಗೆ ಪೀಡೋಫಿಲಿಯಾ, ಅಂದರೆ ಮಕ್ಕಳತ್ತಲೇ ಲೈಂಗಿಕವಾಗಿ ಸೆಳೆಯಲ್ಪಡುವ ಮನೋವಿಕಾರ, ಇರುವುದಿಲ್ಲ. ಇನ್ನು ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ಆರೋಪಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ತೀರ್ಪು ನೀಡಿದೆ.

ವಿಚಾರಣೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ ಅವನಿಗಿದೆಯೇ, ಕೃತ್ಯದ ಹೊತ್ತಿನಲ್ಲಿ ಅವನ ಮನಃಸ್ಥಿತಿ ಹೇಗಿತ್ತು, ಮುಂದೆ ಮತ್ತೆ ಅಂಥದ್ದೇ ನಡೆಯುವ ಅಪಾಯ ಎಷ್ಟು ಎಂಬುವು ವೈದ್ಯರ ಮುಂದಿರುವ ಪ್ರಶ್ನೆಗಳು. ಇಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯದು, ವರದಿ ನ್ಯಾಯಾಲಯಕ್ಕೆ ಹೋಗುತ್ತದೆ ಎಂದು ಮೊದಲೇ ತಿಳಿಸಿ ಸಂದರ್ಶನ ಆರಂಭಿಸುವುದು ಈ ವೃತ್ತಿಯ ಧರ್ಮ. ಅವನ ಮಾತನ್ನಷ್ಟೇ ನೆಚ್ಚದೆ ಆರೋಪಪಟ್ಟಿ, ಮಗುವಿನ ಹೇಳಿಕೆ, ಹಳೆಯ ಚಿಕಿತ್ಸೆಯ ದಾಖಲೆಗಳನ್ನು ಓದಿ, ಮನೆಯವರನ್ನೂ ಮಾತನಾಡಿಸಬೇಕು.

ಅಪಾಯವನ್ನು ಅಂದಾಜಿಸಲು ಹೊರದೇಶಗಳಲ್ಲಿ ಬಳಸುವ ಸ್ಟ್ಯಾಟಿಕ್-99 ಎಂಬ ಮಾಪನದಲ್ಲಿ 10 ಅಂಶಗಳಿದ್ದು, ಅವನ ವಯಸ್ಸು, ಹಿಂದಿನ ಲೈಂಗಿಕ ಅಪರಾಧಗಳು, ಸಂತ್ರಸ್ತರು ಅಪರಿಚಿತರೇ ಎಂಬಂಥ ದಾಖಲೆಯಲ್ಲಿ ಸಿಗುವ ಸಂಗತಿಗಳಿಗೆ ಅಂಕ ಕೊಡಲಾಗುತ್ತದೆ. ಅವನು ಅತ್ತನೇ, ಪಶ್ಚಾತ್ತಾಪಪಟ್ಟನೇ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ತಪ್ಪನ್ನು ಅಲ್ಲಗಳೆಯುವವನೇ ಮತ್ತೆ ಅಪರಾಧ ಮಾಡುತ್ತಾನೆ ಎಂಬ ನಮ್ಮ ಸಾಮಾನ್ಯ ನಂಬಿಕೆಗೆ ಸಂಶೋಧನೆಗಳು ಬಲವಾದ ಆಧಾರ ಕೊಟ್ಟಿಲ್ಲ. ಕೆನಡಾ, ಬ್ರಿಟನ್‌ಗಳ ಕೈದಿಗಳ ಮಾಹಿತಿಯಿಂದ ರೂಪುಗೊಂಡ ಆ ಅಂಕಗಳನ್ನು ನಮ್ಮ ನ್ಯಾಯಾಲಯಗಳಲ್ಲಿ ಹಾಗೆಯೇ ಒಪ್ಪಿಸುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಅಂಕ ಹೇಳುವುದು ಒಂದು ಗುಂಪಿನ ಸಂಭಾವ್ಯತೆಯನ್ನು. ಎದುರಿಗೆ ಕುಳಿತ ಒಬ್ಬನ ನಾಳೆಯನ್ನಲ್ಲ.

ಪಾರಾಗುವ ಭಯದ ಬಗ್ಗೆ ಹೇಳುವುದಾದರೆ, ಕಾಯಿಲೆಯಿದೆ ಎಂದಮಾತ್ರಕ್ಕೆ ಯಾರೂ ಬಿಡುಗಡೆಯಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ರಕ್ಷಣೆ ಬೇಕಾದರೆ, ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪು ಅಥವಾ ಕಾನೂನುಬಾಹಿರ ಎಂಬುದನ್ನಾಗಲಿ ಅರಿಯಲಾಗದಷ್ಟು ಬುದ್ಧಿ ಅಸ್ವಸ್ಥವಾಗಿತ್ತು ಎಂಬುದನ್ನು ಆರೋಪಿಯ ಕಡೆಯವರೇ ತೋರಿಸಬೇಕು. ಮಗುವನ್ನು ಯಾರೂ ಇಲ್ಲದ ಜಾಗಕ್ಕೆ ಕರೆದೊಯ್ದು, ಆಮೇಲೆ ಯಾರಿಗೂ ಹೇಳಬೇಡವೆಂದು ಬೆದರಿಸಿದ್ದರೆ, ಆ ಎಚ್ಚರವೇ ಅವನ ವಾದಕ್ಕೆ ಎದುರಾಗಿ ನಿಲ್ಲುತ್ತದೆ. ಒಂದು ವೇಳೆ ಬುದ್ಧಿ ಅಷ್ಟು ಅಸ್ವಸ್ಥವಾಗಿತ್ತೆಂಬುದು ಸಾಬೀತಾದರೂ, ಅವನನ್ನು ಸುರಕ್ಷಿತ ಅಭಿರಕ್ಷೆಯಲ್ಲಿ ಇರಿಸಲು ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ.