ಊದಿಸಿದ ಮೇಲೆ ಎರಡು ತಾಸು

ಓದುಗರ ಪ್ರಶ್ನೆ, ಕಲಬುರಗಿಯ ವಕೀಲೆಯ ಉತ್ತರ

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಮಧ್ಯಾಹ್ನ ಒಂದರ ಹೊತ್ತಿಗೆ ಅಣ್ಣತಮ್ಮಂದಿರ ಜೊತೆ ಸ್ವಲ್ಪ ಕುಡಿದಿದ್ದೆ. ಸಂಜೆ ಆರೂವರೆಗೆ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರಿಗೆ ಬರುವಾಗ ಪೊಲೀಸರು ನಿಲ್ಲಿಸಿ ಊದಿಸಿದರು. ಯಂತ್ರದಲ್ಲಿ 58 ಎಂದು ಬಂತು. ಲೈಸೆನ್ಸ್ ಇಟ್ಟುಕೊಂಡು, ಬೈಕನ್ನು ಠಾಣೆಗೆ ಒಯ್ದು, ನಮ್ಮಿಬ್ಬರನ್ನೂ ಮನೆಗೆ ಕಳುಹಿಸಿದರು. ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟಬೇಕಂತೆ. ಅಲ್ಲಿದ್ದ ಒಬ್ಬರು ಎರಡು ಸಾವಿರ ಕೊಟ್ಟರೆ ಇಲ್ಲಿಗೇ ಮುಗಿಯುತ್ತದೆ ಎಂದರು. ನಾನು ಕೊಡಲಿಲ್ಲ. ಎರಡು ತಾಸಿನೊಳಗೆ ಡಾಕ್ಟರಿಗೆ ತೋರಿಸದಿದ್ದರೆ ಕೇಸ್ ಬಿದ್ದುಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
(ಹೆಸರು ಬೇಡ, ಹುಮನಾಬಾದ್ ತಾಲ್ಲೂಕು)

ಉತ್ತರ: ಎರಡು ಸಾವಿರ ಕೊಡದೆ ಬಂದಿರಲ್ಲ, ಅದು ಒಳ್ಳೆಯದಾಯಿತು. ಕುಡಿದು ವಾಹನ ಓಡಿಸಿದ ಪ್ರಕರಣವನ್ನು ರಸ್ತೆಯಲ್ಲೇ ದಂಡ ಕಟ್ಟಿಸಿಕೊಂಡು ಮುಗಿಸುವ ಅವಕಾಶ ಮೋಟಾರು ವಾಹನ ಕಾಯ್ದೆಯಲ್ಲಿಲ್ಲ. ಶಿಕ್ಷೆ ಏನೆಂದು ಹೇಳುವವರು ನ್ಯಾಯಾಧೀಶರು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ದೂರು ಕೊಡಬೇಕು.

ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ಅರ್ಧ ಸತ್ಯವನ್ನು ನಂಬಿ ಕೋರ್ಟಿಗೆ ಬಂದು ಮುಖ ಬಾಡಿಸಿಕೊಂಡು ಹೋದವರನ್ನು ಇಪ್ಪತ್ತೊಂದು ವರ್ಷಗಳಿಂದ ನೋಡುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ 202ನೇ ಕಲಮಿನ ಪ್ರಕಾರ, ಕುಡಿದು ಓಡಿಸಿದನೆಂದು ಬಂಧಿಸಿದ ವ್ಯಕ್ತಿಯನ್ನು ಎರಡು ತಾಸಿನೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಟ್ಟು ಕಳುಹಿಸಬೇಕು. ಬಿಡಬೇಕಾದದ್ದು ಮನುಷ್ಯನನ್ನು, ಪ್ರಕರಣವನ್ನಲ್ಲ. ನಿಮ್ಮನ್ನಂತೂ ಬಂಧಿಸಿಯೇ ಇಲ್ಲ, ಮನೆಗೆ ಕಳುಹಿಸಿದ್ದಾರೆ. ಹಾಗಾಗಿ ಆ ಎರಡು ತಾಸಿನ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ.

ಮಿತಿ ಇರುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೆಯ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. ‘ವರೆಗೆ’ ಎಂಬ ಪದವನ್ನು ಗಮನಿಸಿ. ಅದು ಇರುವುದು ಜೈಲಿಗೆ ಮಾತ್ರ; ದಂಡ ವಿಧಿಸಿದರೆ ಹತ್ತು ಸಾವಿರ ಎಂಬುದು 2019ರ ತಿದ್ದುಪಡಿಯಲ್ಲಿ ನಿಗದಿಯಾದ ಮೊತ್ತ, ಮೇಲಿನ ಗಡಿಯಲ್ಲ. ಇದು ಮೊದಲ ತಪ್ಪು, ಅಪಘಾತವಾಗಿಲ್ಲ, ಸಂಸಾರದ ಹೊಣೆಯಿದೆ ಎಂಬುದನ್ನೆಲ್ಲ ನ್ಯಾಯಾಲಯದ ಮುಂದೆ ಹೇಳಿಕೊಳ್ಳಿ.

ಲೈಸೆನ್ಸ್ ಪಡೆದಾಗ ಪೊಲೀಸರು ಸ್ವೀಕೃತಿ ಚೀಟಿ ಕೊಡಬೇಕು. ಕೊಟ್ಟಿಲ್ಲವಾದರೆ ನಾಳೆಯೇ ಹೋಗಿ ಕೇಳಿ. ಲೈಸೆನ್ಸನ್ನು ಅಮಾನತು ಮಾಡುವ ಮುನ್ನ ಸಾರಿಗೆ ಅಧಿಕಾರಿ ನಿಮ್ಮ ಅಹವಾಲು ಕೇಳಬೇಕು, ಆ ನೋಟಿಸನ್ನು ಕಡೆಗಣಿಸಬೇಡಿ. ಊದಿದ ಯಂತ್ರದಿಂದ ಬಂದ ಚೀಟಿಯ ಪ್ರತಿಯನ್ನೂ ಕೇಳಿ, ಅದರಲ್ಲಿನ ದಿನಾಂಕ ಮತ್ತು ಸಮಯ ಸರಿಯಾಗಿವೆಯೇ ನೋಡಿ.

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ. ಸಾಮಾನ್ಯ ದೇಹ ತಾಸಿಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ. ಒಂದಕ್ಕೆ ಕುಡಿದು ಆರೂವರೆಗೆ 58 ಬಂದಿದೆ ಎಂದರೆ ಮಧ್ಯಾಹ್ನ ನಿಮ್ಮೊಳಗೆ ಅದರ ದುಪ್ಪಟ್ಟಿಗಿಂತ ಹೆಚ್ಚಿತ್ತು. ‘ಸ್ವಲ್ಪ’ ಎಂದು ಬರೆದಿದ್ದೀರಿ, ನನಗೆ ಅದನ್ನು ಒಪ್ಪಲು ಆಗುತ್ತಿಲ್ಲ. ಜಾತ್ರೆ ಮುಗಿಸಿ ಕುಡಿದು ಬಂದವನೊಬ್ಬನ ಬೈಕಿಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಪರಿಹಾರದ ಪ್ರಕರಣವನ್ನು ನಾನು ನಡೆಸಿದ್ದೇನೆ. ಪ್ರತಿ ತಾರೀಖಿಗೂ ಆಕೆ ಗಂಡನ ಚಪ್ಪಲಿಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಬರುತ್ತಿದ್ದಳು. ನಿಮ್ಮ ಬೈಕಿನ ಹಿಂದೆ ಅವ್ವ ಕುಳಿತಿದ್ದರೆಂದು ಓದಿದಾಗ ನನಗೆ ಆಕೆಯೇ ನೆನಪಾದಳು.

ಪ್ರಶ್ನೆ: ನಾನು ಕ್ರೂಸರ್ ಓಡಿಸುತ್ತೇನೆ, ಕುಡಿಯುವುದಿಲ್ಲ. ಸಂಕ್ರಾಂತಿಗೆ ಮೈಲಾಪುರ ಜಾತ್ರೆಗೆ ಜನರನ್ನು ಒಯ್ಯುವಾಗ ಕೆಮ್ಮಿನ ಔಷಧಿ ಕುಡಿದಿದ್ದೆ. ಊದಿಸಿದರೆ ಸಿಕ್ಕಿಬೀಳುತ್ತೇನೆಯೇ?
(ಒಬ್ಬ ಚಾಲಕ, ಶಹಾಪುರ)

ಉತ್ತರ: ಕೆಲವು ಕೆಮ್ಮಿನ ಔಷಧಿಗಳಲ್ಲಿ, ಬಾಯಿ ಮುಕ್ಕಳಿಸುವ ದ್ರವಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಅದರ ಅಂಶ ಬಾಯಲ್ಲಿ ಉಳಿದಿದ್ದರೆ ಯಂತ್ರ ತಪ್ಪು ತೋರಿಸಬಹುದು. ಹದಿನೈದು ನಿಮಿಷದಲ್ಲಿ ಅದು ಇಳಿಯುತ್ತದೆ. ಬಾಟಲಿ ತೋರಿಸಿ, ನೀರಿನಿಂದ ಬಾಯಿ ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದುತ್ತೇನೆ ಎಂದು ವಿನಯವಾಗಿ ಹೇಳಿ. ಬಂಧಿಸಿ ಠಾಣೆಗೆ ಕರೆದೊಯ್ದರೆ ಅಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೊಡಬೇಕೆಂದು 203ನೇ ಕಲಮು ಹೇಳುತ್ತದೆ. ರಕ್ತದ ಪರೀಕ್ಷೆಯನ್ನೂ ಕೇಳಿ; ರಕ್ತವನ್ನು ವೈದ್ಯರೇ ತೆಗೆಯಬೇಕು. ಆದರೆ ಊದುವುದೇ ಇಲ್ಲ ಎಂದು ಹಟ ಹಿಡಿಯಬೇಡಿ. ಸಕಾರಣವಿಲ್ಲದ ನಿರಾಕರಣೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ಪ್ರಶ್ನೆ: ಹೋಳಿಯ ದಿನ ಮೈದುನ ಕುಡಿದಿದ್ದ. ಅದು ಗೊತ್ತಿದ್ದೂ ನನ್ನ ಗಂಡ ಬೈಕಿನ ಕೀಲಿ ಕೊಟ್ಟರು. ಪೊಲೀಸರು ಮೈದುನನನ್ನು ಹಿಡಿದಿದ್ದಾರೆ. ವಕೀಲರಿಗೆ ಕೊಡಲು ನಮ್ಮ ಹತ್ತಿರ ಹಣವಿಲ್ಲ.
(ಒಬ್ಬ ಗೃಹಿಣಿ, ಚಿಂಚೋಳಿ)

ಉತ್ತರ: ತಂಗಿ, ಗೊತ್ತಿದ್ದೂ ಕೀಲಿ ಕೊಡುವುದು ಅಪರಾಧಕ್ಕೆ ಕುಮ್ಮಕ್ಕು ಎನ್ನಿಸಬಹುದು. 188ನೇ ಕಲಮಿನಲ್ಲಿ ಓಡಿಸಿದವನಿಗೆ ಇರುವ ಶಿಕ್ಷೆಯೇ ಕುಮ್ಮಕ್ಕು ಕೊಟ್ಟವನಿಗೂ ಇದೆ. ನಿಮ್ಮ ಗಂಡ ವಕೀಲರ ಸಲಹೆ ಪಡೆಯದೆ ಯಾವ ಹೇಳಿಕೆಗೂ ಸಹಿ ಹಾಕದಿರಲಿ. ಮೈದುನನ ಮೇಲಿರುವುದು ಕುಡಿದು ಓಡಿಸಿದ ಆರೋಪವೊಂದೇ ಆಗಿದ್ದರೆ ಅದು ಜಾಮೀನು ಸಿಗುವ ಅಪರಾಧ, ಜಾಮೀನು ಕೇಳುವುದು ಅವನ ಹಕ್ಕು. ಬಂಧನದ ಕಾರಣವನ್ನು ಅವನಿಗೆ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಜಾಮೀನಿನ ಮೇಲೆ ಬಿಡದಿದ್ದರೆ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಹಣದ ಚಿಂತೆ ಬಿಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಕಲಬುರಗಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ. ಹೋಗುವಾಗ ಠಾಣೆಯಲ್ಲಿ ಕೊಟ್ಟ ಕಾಗದ, ಬೈಕಿನ ಆರ್‌ಸಿ, ವಿಮೆಯ ಪ್ರತಿ ನಿಮ್ಮ ಕೈಯಲ್ಲಿರಲಿ.