ಕಾಕಟೀಲ್ ಗಿಳಿಯ ಮನಸ್ಸು ಅರಿಯುವುದು ಹೇಗೆ?

ಹೊಸದಾಗಿ ತಂದ ಕಾಕಟೀಲ್ ಮುಟ್ಟಲು ಹೋದರೆ ಕಚ್ಚುತ್ತದೆ, ಯಾಕೆ ಅಂತ ಕೇಳಿದ್ದೀರಿ. ಕಚ್ಚುವ ಮೊದಲು ಅದು ಸಾಮಾನ್ಯವಾಗಿ ಜುಟ್ಟಿನಿಂದಲೇ ಹೇಳಿರುತ್ತದೆ.

ಜುಟ್ಟು ನೆಟ್ಟಗೆ ನಿಂತಿದ್ದರೆ ಬೆಚ್ಚಿದೆ, ಇಲ್ಲವೇ ಏನನ್ನೋ ಗಮನಿಸುತ್ತಿದೆ. ತುಸು ಹಿಂದಕ್ಕೆ ಬಾಗಿ ಸಡಿಲವಾಗಿದ್ದರೆ ನೆಮ್ಮದಿಯಾಗಿದೆ. ಕೈ ಚಾಚಲು ಇದೇ ಒಳ್ಳೆಯ ಹೊತ್ತು. ಜುಟ್ಟು ತಲೆಗೆ ಅಂಟಿದಂತೆ ಮಲಗಿ, ಜೊತೆಗೆ ಬಾಯಿ ತೆರೆದು ಬುಸ್ ಅಂದರೆ ಭಯ ಅಥವಾ ಸಿಟ್ಟು. ಆಗ ಸುಮ್ನೆ ಕೈ ಹಿಂದಕ್ಕೆ ತೆಗೆಯಿರಿ, ಬಲವಂತ ಖಂಡಿತ ಬೇಡ.

ತಲೆ ಬಗ್ಗಿಸಿ ಕತ್ತಿನ ಗರಿ ಅರಳಿಸಿದರೆ ಮೆಲ್ಲಗೆ ಕೆರೆಯಿರಿ ಅಂತ ಕೇಳುತ್ತಿದೆ. ರಾತ್ರಿ ಕೊಕ್ಕು ಕರಕರ ಮಸೆದರೆ ನಿದ್ದೆ ಬರುತ್ತಿದೆ, ಹೆದರಬೇಡಿ.

ಗರಿ ಉಬ್ಬಿಸುವುದನ್ನು ಮಾತ್ರ ಜಾಸ್ತಿ ಗಮನಿಸಿ. ಉಬ್ಬಿಸಿ ಒಮ್ಮೆ ಕೊಡವಿಕೊಂಡರೆ ಚಿಂತೆಯಿಲ್ಲ. ಆದರೆ ಹೊತ್ತೆಲ್ಲ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು, ಉಸಿರಾಡಿದಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಕಾಯಿಲೆಯ ಗುರುತು. ಇವು ಆಸ್ಟ್ರೇಲಿಯಾದ ಬಯಲು ಹಕ್ಕಿಗಳು. ಅಲ್ಲಿ ಸೊರಗಿದ ಹಕ್ಕಿ ಗಿಡುಗನಿಗೆ ಸುಲಭದ ತುತ್ತು ಅಲ್ವಾ, ಅದಕ್ಕೇ ನೋವನ್ನು ಬಚ್ಚಿಡುತ್ತವೆ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರಬಹುದು. ಕಂಡ ದಿನವೇ ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಒಯ್ಯಿರಿ.